ಟೀ ಜರಡಿ ಹಿಡಿದು ತೋಟಕ್ಕೆ

ಕಾಫಿ ಹಣ್ಣು ಕುಯ್ಯಿಸುತ್ತಿದ್ದಾಗ ಎಡಪಕ್ಕೆ ಹಿಡಿದುಕೊಂಡಿತು. ಗ್ಯಾಸ್ ಅಂದುಕೊಂಡೆ. ನಿಂತೆ. ಕೂತೆ. ಹೇಗಿದ್ದರೂ ಬಿಡದ ನೋವು. ಕೊನೆಗೆ ಗಿಡದ ಬುಡದಲ್ಲೇ ವಾಂತಿ ಮಾಡಿದೆ. ಬಾಳೂರಿನ ಎಸ್ಟೇಟಿನಲ್ಲಿ ಹೆಣ್ಣಾಳುಗಳ ಮೇಸ್ತ್ರಿ ನಾನು. ನಾನು ಗಂಟಲು ತೆಗೆದರೆ ಆಚೆ ಗುಡ್ಡದವರ ಕೈಯೂ ಚುರುಕಾಗುತ್ತದೆ. ಅವತ್ತು ಆ ಗಂಟಲಿನಿಂದ "ಅಯ್ಯಮ್ಮಾ" ಬಿಟ್ಟು ಬೇರೇನೂ ಹೊರಡಲಿಲ್ಲ.

ಮೂತ್ರನಾಳದಲ್ಲಿ ಕಲ್ಲು.

ಗಂಡ ಸುಂದರ ನನ್ನನ್ನು ಜೀಪಿನಲ್ಲಿ ಚಿಕ್ಕಮಗಳೂರಿಗೆ ಕರೆದೊಯ್ದಿದ್ದ. ಇಂಜೆಕ್ಷನ್‌ಗೆ ನೋವು ಇಳಿಯಿತು. ಸ್ಕ್ಯಾನ್ ನೋಡಿ ಡಾಕ್ಟರಮ್ಮ ಹೇಳಿದರು: "ಕಲ್ಲು ಸಣ್ಣದು, ಕೆಳಗೆ ಬಂದು ನಿಂತಿದೆ. ನಾಳದ ಸ್ನಾಯು ಸಡಿಲ ಆಗೋಕೆ ಮಾತ್ರೆ ಕೊಡ್ತೀನಿ, ತಾನೇ ಜಾರಿ ಬೀಳಬಹುದು. ಮೂರು ವಾರ ನೋಡೋಣ. ಬೀಳದಿದ್ರೆ ಅನಸ್ತೇಶಿಯಾ ಕೊಟ್ಟು, ಸ್ಕೋಪ್ ಅನ್ನೋ ಸಣ್ಣ ಕೊಳವೆ ಹಾಕಿ ತೆಗೀಬೇಕು. ಜ್ವರ ಬಂದ್ರೆ ಮಾತ್ರ ಕಾಯಬೇಡಿ, ಓಡಿ ಬನ್ನಿ."

ನನ್ನ ಕಿವಿಗೆ ಬಿದ್ದದ್ದು ಸ್ಕೋಪ್ ಒಂದೇ. ಅನಸ್ತೇಶಿಯಾ ಕೊಟ್ಟು ಮಲಗಿಸಿದರೆ ಮತ್ತೆ ಏಳುತ್ತೇನೋ ಇಲ್ಲವೋ ಎಂದು ಜೀವ ಬಾಯಿಗೆ ಬಂತು.

"ಹಗಲು ನೀರು ಎಷ್ಟು ಕುಡೀತೀರಿ?"

ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ತೋಟದಲ್ಲಿ ಶೌಚಾಲಯವಿಲ್ಲ, ಗಂಡಾಳುಗಳು ಎಲ್ಲ ಕಡೆ ಓಡಾಡುತ್ತಿರುತ್ತಾರೆ. ಅಮ್ಮನ ಕಾಲದಿಂದಲೂ ನಾವು ಹೆಂಗಸರು ಬಾಯಿ ಒಣಗಿಸಿಕೊಂಡೇ ಹಣ್ಣು ಕುಯ್ದವರು. ಅದನ್ನು ಹೇಳಲು ನಾಚಿಕೆಯಾಗಿ ಸುಮ್ಮನೆ ನಕ್ಕೆ. ಪ್ರತಿ ಸಲವೂ ಮೂತ್ರ ಸೋಸಿ, ಕಲ್ಲು ಸಿಕ್ಕರೆ ತಂದುಕೊಡಬೇಕು ಎಂದಾಗ ಆ ನಗುವೂ ನಿಂತುಹೋಯಿತು.

ಮೆಡಿಕಲ್ ಶಾಪಿನವನು ಚೀಟಿ ನೋಡಿ, "ಇದು ವಯಸ್ಸಾದ ಗಂಡಸರ ಪ್ರಾಸ್ಟೇಟ್ ಮಾತ್ರೆ ಅಲ್ವಾ? ಸುಂದರಣ್ಣಂಗಾ?" ಅಂದ. ಸುಂದರನ ಮುಖ ನೋಡಬೇಕಿತ್ತು! ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಅದಕ್ಕೂ ಕೊಡ್ತೀವಿ, ಇದಕ್ಕೂ ಕೊಡ್ತೀವಿ. ಆ ನಾಳ ಹೆಣ್ಣಿಗೂ ಗಂಡಿಗೂ ಒಂದೇ ಥರ ಕಣಮ್ಮ. ತಲೆ ತಿರುಗಬಹುದು, ನಿಧಾನಕ್ಕೆ ಏಳಿ."

ತಲೆ ತಿರುಗಿತು. ಮಂಚದ ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತೇ ಏಳುತ್ತಿದ್ದೆ. ಮನೆಯಲ್ಲಿದ್ದು ನೀರು ಕುಡಿದೆ, ಟೀ ಜರಡಿಯಲ್ಲಿ ಮೂತ್ರ ಸೋಸಿದೆ. ಏನೂ ಬೀಳಲಿಲ್ಲ. ತೋಟದಲ್ಲಿ ಹಣ್ಣು ಉದುರುತ್ತಿದೆ ಎಂದು ಕೇಳಿ ಮನಸ್ಸು ತಡೆಯದೆ, ಡಾಕ್ಟರಮ್ಮನನ್ನು ಕೇಳಿಕೊಂಡು ಕೆಲಸಕ್ಕೆ ಹೋದೆ. ಚೀಲದಲ್ಲಿ ಟೀ ಜರಡಿ ಇತ್ತು. ಆದರೆ ಹಳೇ ಅಭ್ಯಾಸ, ನೀರು ಮುಟ್ಟಲಿಲ್ಲ. ಮಧ್ಯಾಹ್ನದೊಳಗೆ ಪಕ್ಕೆ ಮತ್ತೆ ಹಿಂಡತೊಡಗಿತು.

ಜೊತೆಗೆ ಕುಯ್ಯುವ ಪುಷ್ಪ ನನ್ನ ಚೀಲದಲ್ಲಿ ಮಾತ್ರೆ ಹುಡುಕಲು ಹೋಗಿ ಜರಡಿ ಹೊರತೆಗೆದಳು. "ಇದೆಂತದೇ, ತೋಟದಲ್ಲಿ ಟೀ ಕಾಸ್ತೀಯಾ?"

ಅಳು ಬಂತು. ಅಳುತ್ತಲೇ ಎಲ್ಲ ಹೇಳಿದೆ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಹೆಂಗಸರನ್ನೆಲ್ಲ ಕೂಗಿ ಕರೆದಳು. ನಾಲ್ವರು ಗೋಣಿಚೀಲ ಬಿಡಿಸಿ ನನ್ನ ಸುತ್ತ ಹಿಡಿದರು. "ನೀರು ಕುಡಿ ಮಾರಾಯ್ತಿ. ಯಾವ ಗಂಡಸು ಬರ್ತಾನೋ ನಾವು ನೋಡ್ಕೋತೀವಿ."

ಅಂದಿನಿಂದ ದಿನವೂ ಹಾಗೆಯೇ. ಆ ಗೋಣಿಗಳ ನಡುವೆಯೇ ಒಂದು ದಿನ, ಉರಿದು ಕಣ್ಣು ಕತ್ತಲಿಟ್ಟು, ಜರಡಿಯಲ್ಲಿ ಟಿಕ್ ಎಂದಿತು.

ಬಿತ್ತು!

ನನ್ನ ಕೂಗಿಗೆ ನಾಲ್ವರೂ ನೋಡಲು ಒಳಗೆ ಬಗ್ಗಿದರು. "ಗೋಣಿ ಬಿಡಬೇಡ್ರೇ!" ಅಂತ ಕಿರುಚಿದೆ. ನನ್ನ ಗಂಟಲು ವಾಪಸ್ ಬಂದಿತ್ತು.

ಸ್ಕ್ಯಾನ್‌ನಲ್ಲಿ ನಾಳ ಖಾಲಿ, ಕಲ್ಲು ಅಡ್ಡ ನಿಂತು ಬಂದಿದ್ದ ಕಿಡ್ನಿಯ ಊತವೂ ಇಳಿದಿತ್ತು. ಕಲ್ಲು ಡಾಕ್ಟರಮ್ಮನ ಕೈಗೆ ಕೊಟ್ಟು, ಮಾತ್ರೆಯಿಂದಲೇ ಬಿತ್ತಾ ಎಂದು ಕೇಳಿದೆ. "ಖಂಡಿತ ಹೇಳೋಕಾಗಲ್ಲ, ಸಹಾಯ ಮಾಡಿರಬಹುದು. ಆದ್ರೆ ನೀರು ಕುಡೀದಿದ್ರೆ ಇನ್ನೊಂದು ಆಗುತ್ತೆ," ಅಂದರು ಡಾಕ್ಟರಮ್ಮ. ಮಾತ್ರೆ ನಿಂತಿತು. ಬದುಕಿಕೊಂಡೆ ಎನ್ನಿಸಿತು, ಆದರೆ ಇನ್ನೊಂದು ಕಲ್ಲು ನನಗೂ ಬೇಡ, ಆ ಹೆಂಗಸರಿಗಂತೂ ಬೇಡವೇ ಬೇಡ.

ಮರುದಿನ ಎಲ್ಲರನ್ನೂ ಕರೆದುಕೊಂಡು ಎಸ್ಟೇಟಿನ ಸಾಹುಕಾರರ ಮುಂದೆ ನಿಂತೆ. ತೋಟದಲ್ಲಿ ಹೆಂಗಸರಿಗೊಂದು ಶೌಚಾಲಯ ಬೇಕು ಅಂದೆ. ಅವರು ನೆಲ ನೋಡಿದರು. "ಕಟ್ಟಿಸೋಣ. ಇಷ್ಟು ವರ್ಷ ಇದ್ದೀರಿ, ಮೊದಲೇ ಒಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಆಗೋ ಹಾಗಿದ್ರೆ ನಂಗೆ ಕಲ್ಲು ಯಾಕಾಗ್ತಿತ್ತು ಸಾರ್?" ಅಂದೆ.