ಅಲೆಯ ಅರ್ಧ ಎತ್ತರ

ದೂರದ ಉತ್ತರದ ಆರ್ಕ್ನಿ ದ್ವೀಪಸಮೂಹದ ಸ್ಕಾರ್ವೆಯಲ್ಲಿರುವ ನಲವತ್ತೊಂದು ಜನರಲ್ಲಿ ಮೂವತ್ತು ವರ್ಷ ದಾಟದವನು ಎರ್ಲೆಂಡ್ ಡ್ರೆವರ್ ಒಬ್ಬನೇ. ಹಡಗು ಬಂದಾಗ ಹಗ್ಗ ಹಿಡಿಯುವುದು, ಟಪಾಲು ಹಂಚುವುದು, ಪುಟ್ಟ ವಿಮಾನ ಇಳಿಯುವಾಗ ಬೆಂಕಿ ಆರಿಸುವವನ ಟೋಪಿ ಹಾಕಿಕೊಂಡು ನಿಲ್ಲುವುದು, ಎಲ್ಲವೂ ಅವನದೇ. ಸಹೋದ್ಯೋಗಿಗಳೆಲ್ಲ ತಾನೇ ಆದ್ದರಿಂದ ಜಗಳವೇ ಇಲ್ಲ ಎಂದು ಹೇಳಿಕೊಳ್ಳುತ್ತಿದ್ದ. ಕೇಳುವವನೂ ತಾನೇ.

ಪಶ್ಚಿಮದ ಬಂಡೆಗಳ ಸಂದಿನಲ್ಲಿ ಅಲೆಯಿಂದ ವಿದ್ಯುತ್ ತೆಗೆಯುವ ಸ್ಥಾವರ ಕಟ್ಟುವ ಮಾತು ಬಂದಾಗ ಅವನ ಕಣ್ಣಿಗೆ ಕಂಡದ್ದು ವಿದ್ಯುತ್ತಲ್ಲ, ಆರೇಳು ಜನ ಕೆಲಸಗಾರರು. ಅವರಲ್ಲಿ ಒಬ್ಬರಾದರೂ ಸಂಜೆ ಚಹಾಕ್ಕೆ ಬಂದಾರು. ಸ್ಥಾವರ ಸ್ಕಾರ್ವೆಗೋ ದಕ್ಷಿಣದ ಇನ್ನೊಂದು ದ್ವೀಪಕ್ಕೋ ಎಂಬುದು ಚಳಿಗಾಲದ ಅಲೆಗಳ ಮೇಲೆ ನಿಂತಿತ್ತು; ಎಲ್ಲಿ ಅಲೆ ದೊಡ್ಡದೋ ಅಲ್ಲಿಗೆ. ಜನವರಿಯ ಬಿರುಗಾಳಿ ಅಲೆ ಅಳೆಯಲು ಕಡಲಲ್ಲಿ ಬಿಟ್ಟಿದ್ದ ತೇಲುಬುರುಡೆಯನ್ನೇ ಕಿತ್ತೊಯ್ದಿತು. ಹೊಸದು ಬರುವ ತನಕ ಅಲೆಯ ಎತ್ತರವನ್ನು ಕಣ್ಣಂದಾಜಿನಲ್ಲಿ ಬರೆದು ಕಳಿಸು ಎಂದು ಸ್ಥಾವರ ಕಟ್ಟುವ ಕಂಪನಿಯ ಇಂಜಿನಿಯರ್ ಮಾರ್ಜರಿ ಅವನಿಗೆ ಹೇಳಿದಳು.

ಸ್ಕಾರ್ವೆಯಲ್ಲಿ ಸಮುದ್ರವನ್ನು ಯಾರೂ ದೊಡ್ಡದು ಅನ್ನುವುದಿಲ್ಲ. ಕೋಳಿಗೂಡು ಹಾರಿಹೋದ ದಿನವೂ ಏಡಿ ಹಿಡಿಯುವ ಮುದುಕ ಡೇವಿ ಅಂದದ್ದು, "ಸ್ವಲ್ಪ ಅಲ್ಲಾಡ್ತಾ ಇದೆ" ಎಂದಷ್ಟೇ. ಅದಕ್ಕಿಂತ ಹೆಚ್ಚು ಹೇಳಿದವನನ್ನು ಬೇಸಿಗೆಯವರೆಗೂ ಅಂಗಡಿಯಲ್ಲಿ ಆಡಿಕೊಳ್ಳುತ್ತಾರೆ. ಎರ್ಲೆಂಡ್ ಬೇಲಿಕಂಬ ತಬ್ಬಿ ನಿಂತು, ಒಂಬತ್ತು ಮೀಟರ್ ಅಲೆ ಕಂಡು, ನಾಲ್ಕೂವರೆ ಎಂದು ಬರೆದ. ಹೊಸ ಬುರುಡೆ ಬರುವ ತನಕ ಹದಿನೆಂಟು ದಿನವೂ ಅರ್ಧವೇ. ಬರೆಯುವಾಗ ತಾನು ಭಾರೀ ಗಟ್ಟಿ ಆಳು ಅನಿಸಿತ್ತು.

ಮಾರ್ಚ್‌ನಲ್ಲಿ ಮಾರ್ಜರಿಯ ಫೋನು ಬಂದಾಗ ಅವನು ಅಂಗಡಿಯಲ್ಲಿದ್ದ. ಅವನ ಅಂಕಿಗಳನ್ನು ನೋಡಿದರೆ ದಕ್ಷಿಣದ ದ್ವೀಪವೇ ಮೇಲು ಎಂದಳು. ತಾನು ತಗ್ಗಿಸಿ ಬರೆದೆನೆಂದು ಒಪ್ಪಿಕೊಂಡ. ಆ ಅಲೆ ಕಂಡವರು ಬೇರೆ ಯಾರಿದ್ದಾರೆ ಎಂದು ಅವಳು ಕೇಳಿದಾಗ, ಬ್ರೆಡ್ ಕೊಳ್ಳಲು ಬಂದಿದ್ದ ಡೇವಿಯ ಕೈಗೆ ಫೋನಿಟ್ಟ.

ಡೇವಿ ಬ್ರೆಡ್ಡನ್ನು ಕಂಕುಳಿಗೆ ಸೇರಿಸಿದ. ಆಮೇಲೆ, "ಅಷ್ಟೂ ದಿನ ನಾನು ದೋಣಿ ಇಳಿಸ್ಲಿಲ್ಲ" ಅಂದ.

ಅಂಗಡಿಯ ಜೆಸ್ಸಿ ಕೆಲಸ ಬಿಟ್ಟು ತಲೆಯೆತ್ತಿದಳು. ಸಮುದ್ರದ ಬಗ್ಗೆ ಡೇವಿಯ ಬಾಯಿಂದ ಇದಕ್ಕಿಂತ ದೊಡ್ಡ ಮಾತನ್ನು ದ್ವೀಪ ಕೇಳಿರಲಿಲ್ಲ.

"ಯಾಕೆ, ಹುಷಾರಿರ್ಲಿಲ್ವಾ?" ಎಂದಳು ಮಾರ್ಜರಿ.

ಎರ್ಲೆಂಡ್ ಫೋನು ಕಸಿದುಕೊಂಡ. "ಒಂಬತ್ತು ಮೀಟರ್ ಇತ್ತು. ಭಯ ಆಗಿತ್ತು ನಂಗೆ."

ಅಂಗಡಿಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೇ ಚೆನ್ನಾಗಿತ್ತು.

"ಆಗ್ಲೇ ಬರೀಬೇಕಿತ್ತು ಕಣೋ," ಎಂದಳು ಮಾರ್ಜರಿ, ಮೆತ್ತಗೆ. ನಾಳೆಯೇ ತೀರ್ಮಾನ, ಬಾಯಿಮಾತಿನ ಅಂಕಿ ಅಲ್ಲಿ ನಡೆಯುವುದಿಲ್ಲ ಎಂದಳು.

ಏನಂತೆ ಎಂದು ಡೇವಿ ಕೇಳಿದ. ಬೇರೆ ದ್ವೀಪಕ್ಕಂತೆ ಎಂದ ಎರ್ಲೆಂಡ್. ಮೂವರೂ ಡಬ್ಬಗಳ ಸಾಲು ನೋಡುತ್ತ ನಿಂತರು. ಅಷ್ಟರಲ್ಲಿ ಹಡಗು ಕೂಗಿತು. ಅವನು ಕೈಗವಸು ಹಾಕಿಕೊಂಡು ಹಡಗುಕಟ್ಟೆಗೆ ಹೋಗಿ ಹಗ್ಗ ಹಿಡಿದ. ಮೂರು ಮೂಟೆ ಕುರಿಮೇವು ಇಳಿಯಿತು. ಜನ ಯಾರೂ ಇಳಿಯಲಿಲ್ಲ.