ಕೆಳಗಿನ ಪೈಪಿನ ಕ್ಲಿಪ್ಪು

ಮಾವ, ಆ ದಿನ ವಿಜಯವಾಡದ ಗವರ್ನರ್‌ಪೇಟೆಯ ನಡುರಸ್ತೆಯಲ್ಲಿ ಕಾರು ಕೆಟ್ಟು ನಿಂತದ್ದು ನಿಮ್ಮ ತಪ್ಪಿನಿಂದಲ್ಲ, ನನ್ನ ತಪ್ಪಿನಿಂದ. ಅದು ನನಗೆ ಅಂದೇ ಗೊತ್ತಿತ್ತು. ಗೊತ್ತಿದ್ದೂ, ನೀವು ಕಾರು ಓಡಿಸುವುದನ್ನೇ ಬಿಟ್ಟಾಗ ಸುಮ್ಮನಿದ್ದೆ.

ಬಳ್ಳಾರಿ ಬಿಟ್ಟು ವಿಜಯವಾಡದಲ್ಲಿ ನೆಲೆಸಿದ ನಿಮಗೆ ಆ ಹಳೆಯ ಕಾರೆಂದರೆ ಪ್ರಾಣ. ಅದರ ರೇಡಿಯೇಟರ್ ಸೋರತೊಡಗಿದಾಗ ಇಬ್ಬರೂ ಬಿಡಿಭಾಗಗಳ ಅಂಗಡಿಗಳಿರುವ ಆಟೋನಗರಕ್ಕೆ ಹೋಗಿ ಹೊಸದನ್ನು ತಂದೆವು. ಅಂಗಡಿಯವನೇ ಕೂರಿಸಿಕೊಡುತ್ತೇನೆಂದ. ಬೇಡ, ನಾನೇ ಮಾಡುತ್ತೇನೆ ಎಂದು ಜಂಬ ಕೊಚ್ಚಿದೆ — ವಿಶಾಖಪಟ್ಟಣದ ಔಷಧ ಕಾರ್ಖಾನೆಯಲ್ಲಿ ದೊಡ್ಡ ಯಂತ್ರಗಳನ್ನು ನೋಡಿಕೊಳ್ಳುವವನಿಗೆ ಇದೇನು ಮಹಾ. ಹಳೆಯದನ್ನು ಬಿಚ್ಚಿದೆ, ಹೊಸದನ್ನು ಕೂರಿಸಿದೆ, ಮೇಲಿನ ಪೈಪು ಬಿಗಿದೆ. ಕೆಳಗಿನ ಪೈಪಿನ ಕ್ಲಿಪ್ಪನ್ನು ಬೆರಳಲ್ಲೇ ಒಂದಿಷ್ಟು ತಿರುಗಿಸಿ ಸ್ಕ್ರೂಡ್ರೈವರ್‌ಗೆ ಕೈಚಾಚುವಷ್ಟರಲ್ಲಿ ಅತ್ತೆ ಊಟಕ್ಕೆ ಕರೆದರು. ನಿಮ್ಮ ಮನೆಯಲ್ಲಿ ಅಳಿಯ ಕೂರದೆ ಯಾರ ಎಲೆಗೂ ಅನ್ನ ಬೀಳುವುದಿಲ್ಲ. ಎದ್ದು ಹೋದೆ. ಗೋಂಗೂರ ಚಟ್ನಿ, ತುಪ್ಪ, ಸಿಹಿ ಬೂರೆಲು — ಹೊಟ್ಟೆ ಬಿರಿಯುವಷ್ಟು ತಿಂದು ಬಂದವನು ಇಂಜಿನ್ ತಣಿಸುವ ಕೂಲೆಂಟ್ ನೀರು ತುಂಬಿ ಇಂಜಿನ್ ಚಾಲೂ ಮಾಡಿದೆ. ಒಂದು ಹನಿಯೂ ಸೋರಲಿಲ್ಲ. ಕ್ಲಿಪ್ಪು ಮರೆತೇಹೋಗಿತ್ತು.

ಮರೆವನ್ನು ಯಾರಾದರೂ ಮನ್ನಿಸಿಯಾರು. ಅದರ ಮುಂದಿನದು —

ಮರುದಿನ ನಿಮ್ಮ ಫೋನ್ ಬಂದೊಡನೆ ನಿಮ್ಮ ಮನೆಯಲ್ಲೇ ಇದ್ದ ನಾನು ಓಡಿ ಬಂದೆ. ಆಟೋಗಳ ಹಾರನ್ನಿನ ನಡುವೆ ನೀವು ಬೆವರುತ್ತ ನಿಂತಿದ್ದಿರಿ. ಬಾನೆಟ್ ಎತ್ತಿದರೆ ಕೆಳಗಿನ ಪೈಪು ಕಳಚಿ ಜೋತಾಡುತ್ತಿತ್ತು. ನೀವು ನೀರು ತರಲು ಹೋದಾಗ ಅದನ್ನು ಸಿಕ್ಕಿಸಿ ಕ್ಲಿಪ್ಪು ಬಿಗಿದುಬಿಟ್ಟೆ. ಕೈ ಸುಟ್ಟಿತು. ಪಾಪ, ಅತ್ತೆ ಅದಕ್ಕೂ ಮುಲಾಮು ಹಚ್ಚಿದರು.

ಇಂಜಿನ್ ಬೆಂದುಹೋಗಿತ್ತು. ಓಡಿಸುವವರು ಇಂಜಿನ್ನಿನ ಬಿಸಿ ತೋರಿಸುವ ಸೂಜಿ ನೋಡಿಲ್ಲ ಎಂದ ಮೆಕ್ಯಾನಿಕ್. ಮನೆಯವರೆಲ್ಲ ನಿಮ್ಮತ್ತ ತಿರುಗಿದರು.

"ಸೂಜಿ ನಡುವಿನಾಗೇ ಇತ್ತಪ್ಪಾ. ನಾ ನೋಡೀನಿ," ಎಂದಿರಿ.

ನೀವು ಹೇಳಿದ್ದು ನಿಜ. ಸೂಜಿ ತೋರಿಸುವುದು ನೀರಿನ ಬಿಸಿಯನ್ನು; ನೀರೇ ಒಮ್ಮೆಗೇ ಸುರಿದುಹೋದರೆ ಅದಕ್ಕೆ ಬಿಸಿ ತಿಳಿಯದೆಯೂ ಇರಬಹುದು. ಅದು ನನಗೆ ಗೊತ್ತಿತ್ತು. ಹೇಳಿದ್ದರೆ — ನೀರು ಹೋದದ್ದೆಲ್ಲಿಂದ ಎಂದು ಕೇಳುತ್ತಿದ್ದರು. ನನ್ನ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಳಿಯನ ಕೆಲಸದಲ್ಲಿ ತಪ್ಪು ಹುಡುಕುವುದುಂಟೆ? ಕೊನೆಗೆ ನೀವೇ, "ವಯಸ್ಸಾತು. ನೋಡಿರಲಿಕ್ಕಿಲ್ಲ ಬಿಡು," ಎಂದು ಕಾರಿನ ಕೀಲಿ ನನ್ನ ಕೈಗಿಟ್ಟಿರಿ.

ಅದಾಗಿ ವರ್ಷಗಳೇ ಕಳೆದವು. ರಿಪೇರಿಯಾದ ಕಾರು ವಿಶಾಖಪಟ್ಟಣಕ್ಕೆ ಬಂತು, ನೀವೂ ಅತ್ತೆಯೂ ಆಗಾಗ ಬರುತ್ತೀರಿ. ನಿಮ್ಮ ಮಗಳು ಲಲಿತಾ ನಗುತ್ತಾಳೆ, ಮನೆ ತುಂಬಿದಂತಿರುತ್ತದೆ. ಸುಖವಾಗಿಯೇ ಇದ್ದೇವೆ. ಆದರೆ ನಾನು ಓಡಿಸುವಾಗ ಎಡಗಡೆ ಕೂತ ನಿಮ್ಮ ಬಲಗಾಲು ಈಗಲೂ ತಿರುವು ಬಂದಾಗಲೆಲ್ಲ ಇಲ್ಲದ ಬ್ರೇಕನ್ನು ಒತ್ತುತ್ತದೆ. ಮೊನ್ನೆ ಸಮುದ್ರದ ದಂಡೆಯಲ್ಲಿ ಮಂಡಕ್ಕಿಯ ಮುರಿ ಮಿಕ್ಸ್ಚರ್ ತಿನ್ನುತ್ತ, ನನಗೆ ಚುಕ್ಕೆಯಷ್ಟೇ ಕಂಡ ಹಡಗಿನ ಬಣ್ಣ ಹೇಳಿದಿರಿ. ನನಗೆ ನಾಚಿಕೆಯಾಯಿತು. ನಿಮ್ಮ ಕಣ್ಣಿಗೆ ಎಂದೂ ಏನೂ ಆಗಿರಲಿಲ್ಲ, ಮಾವ.

ನೀವು ಓಡಿಸದೆ ಕಳೆದ ವರ್ಷಗಳನ್ನು ನಾನು ಮರಳಿ ಕೊಡಲಾರೆ. ನಾಡಿದ್ದು ನಿಮ್ಮನ್ನು ವಿಜಯವಾಡಕ್ಕೆ ಬಿಡಲು ಹೊರಡುವ ಮುನ್ನ, ಅತ್ತೆ ಮತ್ತು ಲಲಿತಾಳ ಎದುರಿಗೇ ಇಷ್ಟನ್ನೂ ಬಾಯಿಬಿಟ್ಟು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಆಮೇಲೆ ಕೀಲಿ ನಿಮ್ಮ ಕೈಗೆ ಕೊಟ್ಟು, ನಾನು ಎಡಗಡೆ ಕೂರುತ್ತೇನೆ.