ವಿಷ್ಣುಮೂರ್ತಿಯವರ ಸಿ ಮೇಜರ್

ವಿಷ್ಣುಮೂರ್ತಿಯವರಿಗೆ ಗಿಟಾರಿನಲ್ಲಿ ಬರುವುದು ಒಂದೇ ಒಂದು ಸ್ಕೇಲ್. ಅದರ ಹೆಸರು ಸಿ ಮೇಜರ್. ಎಂಟು ಸ್ವರಗಳನ್ನು ಮೆಟ್ಟಿಲು ಹತ್ತಿದಂತೆ ಒಂದೊಂದಾಗಿ ಏರಿ, ಮತ್ತೆ ಒಂದೊಂದಾಗಿ ಇಳಿಯುವುದು, ಅಷ್ಟೆ. ಗಿಟಾರ್ ಕಲಿಯುವ ಮಕ್ಕಳು ಇದನ್ನು ಎರಡು ವಾರದಲ್ಲಿ ಮುಗಿಸಿ ಹಾಡಿಗೆ ಹೋಗುತ್ತಾರೆ. ವಿಷ್ಣುಮೂರ್ತಿಯವರು ಹದಿನಾಲ್ಕು ತಿಂಗಳು ಅದನ್ನೇ ನುಡಿಸಿದರು.

ಅವರ ಊರು ಉಡುಪಿಯ ಹತ್ತಿರ, ವಯಸ್ಸು ನಲವತ್ತೇಳು. ಮದ್ರಾಸಿನ ಅಡ್ಯಾರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಒಂಬತ್ತು ವರ್ಷ ದೋಸೆ ಕಾವಲಿಯ ಮುಂದೆ ನಿಂತರು. ಆಮೇಲಿನ ಹದಿಮೂರು ವರ್ಷ ಹಿಂಬದಿಯ ಹಿಟ್ಟಿನ ಕೋಣೆಯಲ್ಲಿ ಕಳೆದಿದ್ದಾರೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಮರುದಿನದ ಇಡ್ಲಿ, ದೋಸೆಗೆ ಉದ್ದು, ಅಕ್ಕಿ ರುಬ್ಬುವುದು ಅವರ ಕೆಲಸ. ಅವರ ಊರಿನ ಮಾತಿನಲ್ಲಿ ಅದು ‘ಕಡೆಯುವುದು’.

ಅವರನ್ನು ನಾನು ಮೊದಲು ನೋಡಿದ್ದು ಹೋಟೆಲಿನಲ್ಲಿ ಅಲ್ಲ, ಸಾಯಿಯ ಗಿಟಾರ್ ತರಗತಿಯಲ್ಲಿ. ಪೆರುಂಗುಡಿಯಲ್ಲಿ ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಭಾನುವಾರ ಬೆಳಿಗ್ಗೆ ಸಾಯಿಯ ಹತ್ತಿರ ಗಿಟಾರ್ ಕಲಿಯುತ್ತೇನೆ. ಹನ್ನೊಂದು ಮಂದಿ ಮಕ್ಕಳು, ದೊಡ್ಡವರೆಂದರೆ ನಾವಿಬ್ಬರೇ. ಸಾಯಿಗೆ ಇಪ್ಪತ್ತೆಂಟು ವರ್ಷ. ಅವನ ಅಜ್ಜ ಮಂಡ್ಯ ಕಡೆಯವರು, ಅವನು ಹುಟ್ಟಿ ಬೆಳೆದದ್ದು ಮಾಧವರಂನಲ್ಲಿ. ಹಾಗಾಗಿ ಅವನ ಕನ್ನಡದಲ್ಲಿ ಅರ್ಧ ತಮಿಳು.

ವಿಷ್ಣುಮೂರ್ತಿಯವರು ಅಲ್ಲಿಗೆ ಬಂದದ್ದು ಕಲಿಯಲಿಕ್ಕಲ್ಲ. ಅವರ ಮಗಳು ವೀಕ್ಷಾ ಒಂಬತ್ತನೇ ತರಗತಿ. ಅವಳನ್ನು ಸ್ಕೂಟರಿನಲ್ಲಿ ಕರೆತಂದು, ಒಂದು ಗಂಟೆ ಬೆಂಚಿನ ಮೇಲೆ ಕೂತು, ವಾಪಸ್ ಕರೆದೊಯ್ಯುತ್ತಿದ್ದರು. ಒಂದು ದಿನ ಸಾಯಿ ಹಳೆಯ ಗಿಟಾರೊಂದನ್ನು ಅವರ ತೊಡೆಯ ಮೇಲಿಟ್ಟ.

“ಸುಮ್ನೆ ಕೂತಿದ್ದೀರಲ್ಲಾ ಅಣ್ಣಾ, ಒಂದ್ ವಾಟಿ ಹಿಡಿದು ನೋಡಿ,” ಎಂದ. ‘ವಾಟಿ’ ಎಂದರೆ ತಮಿಳಿನಲ್ಲಿ ‘ಸಲ’.

ಮೊದಲ ದಿನ ಎಲ್ಲರಿಗೂ ಬೆರಳ ತುದಿ ಉರಿಯುತ್ತದೆ. ಅವರಿಗೆ ಉರಿಯಲಿಲ್ಲ, ಕಾವಲಿ ಆ ಚರ್ಮವನ್ನು ಎಂದೋ ದಪ್ಪ ಮಾಡಿತ್ತು. ಅವರ ತೊಂದರೆ ಬೇರೆ. ದಿನವಿಡೀ ನೀರಿನಲ್ಲಿರುವ ಬೆರಳು ತಂತಿಯ ಮೇಲೆ ಜಾರುತ್ತಿತ್ತು. ಅದಕ್ಕೆ ಅವರು ಬೆರಳುಗಳನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿಕೊಂಡರು. ತಂತಿಗಳೆಲ್ಲ ಬಿಳಿಯಾದವು.

“ಗಿಟಾರ್ ರೆಡಿ, ಇನ್ನು ಚಟ್ನಿ ಒಂದೇ ಬಾಕಿ,” ಎಂದಳು ವೀಕ್ಷಾ. ಕನ್ನಡದಲ್ಲಿ ಅಲ್ಲ, ತಮಿಳಿನಲ್ಲಿ. ಅಪ್ಪ ಮಾತಾಡಿದ್ದೆಲ್ಲ ಅವಳಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ.

ವರ್ಷಕ್ಕೊಮ್ಮೆ, ಫೆಬ್ರವರಿಯ ಒಂದು ಶನಿವಾರ, ಸಾಯಿ ಹತ್ತಿರದ ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ ಇಡುತ್ತಾನೆ. ಕೊನೆಗೆ ಎಲ್ಲರೂ ಕೂತು ಆರು ನಿಮಿಷದ ಒಂದು ಕೃತಿ ನುಡಿಸಬೇಕು. ಅದರಲ್ಲಿ ಒಬ್ಬರು ಕೆಳಗಿನಿಂದ ಸ್ಕೇಲನ್ನೇ ನಿಲ್ಲಿಸದೆ ನುಡಿಸುತ್ತಿರಬೇಕು, ಉಳಿದವರ ರಾಗ ಅದರ ಮೇಲೆ ನಿಲ್ಲುತ್ತದೆ. ಆ ಜಾಗ ತನಗೆ ಬೇಕೆಂದು ವಿಷ್ಣುಮೂರ್ತಿಯವರು ನವೆಂಬರಿನಲ್ಲೇ ಕೈ ಎತ್ತಿದರು.

ಕಾರಣವನ್ನು ಅವರು ಹೊರಗೆ ಸ್ಕೂಟರಿನ ಹತ್ತಿರ ನನಗೆ ಹೇಳಿದರು. “ಮುಂದಿನ ವರ್ಷ ಇವಳು ಹತ್ತನೇ ಕ್ಲಾಸ್ ಅಲ್ವಾ ಮೇಡಂ. ಗಿಟಾರ್ ಕ್ಲಾಸ್ ಬಂದ್ ಅಂತ ಇವಳ ಅಮ್ಮ ಗುಣವತಿ ಈಗಲೇ ಹೇಳಿ ಆಗಿದೆ. ಅವಳು ಹೇಳಿದ್ರೆ ಮುಗೀತು. ಮಗಳ ಪಕ್ಕ ಕೂತು ಒಂದು ಸಲ ಬಾರಿಸ್ಲಿಕ್ಕೆ ಇರುವುದು ಇದೊಂದೇ ವರ್ಷ.”

ಮಗಳಿಗೆ ಮಾತ್ರ ಅಷ್ಟು ಉತ್ಸಾಹವಿರಲಿಲ್ಲ.

“ಅಪ್ಪಾ, ವೇಂಡಾಂ ಪಾ. ಎಲ್ಲಾರುಂ ಸಿರಿಪ್ಪಾಂಗ,” ಎಂದಳು. ಬೇಡ, ಎಲ್ಲರೂ ನಗುತ್ತಾರೆ ಎಂದು.

“ನಗಲಿ ಮಾರಾಯ್ತಿ. ಅಳುವುದಕ್ಕಿಂತ ಒಳ್ಳೆಯದಲ್ವಾ?”

ಸಾಯಿ ಅವರಿಗೆ ಪರೀಕ್ಷೆ ಇಟ್ಟ. ಆರು ನಿಮಿಷ, ನಿಲ್ಲಿಸದೆ, ಒಂದೇ ವೇಗದಲ್ಲಿ. ಅವರು ಶುರುಮಾಡಿದರು. ಎರಡು ನಿಮಿಷದ ಹೊತ್ತಿಗೆ ವೇಗ ತಗ್ಗಿತು. ಮೂರನೆಯ ನಿಮಿಷ ದಾಟುವಾಗ ಇನ್ನೂ ಎಳೆಯಿತು. ಆಮೇಲೆ ಯಾರೋ ಬೆನ್ನಿಗೆ ತಟ್ಟಿದ ಹಾಗೆ ತಟ್ಟನೆ ಓಡಿತು. ಓಡಿ, ಮತ್ತೆ ನಿಧಾನವಾಗಿ ಎಳೆಯತೊಡಗಿತು.

“ಸ್ಪೀಡ್ ಬ್ರೇಕರ್ ಅಂಕಲ್!” ಎಂದು ಹಿಂದಿನಿಂದ ಒಂದು ಮಗು ಕೂಗಿತು. ವೀಕ್ಷಾ ತನ್ನ ಗಿಟಾರಿನ ತಂತಿ ಬಿಗಿಮಾಡುವ ಕೆಲಸದಲ್ಲಿ ತಲೆ ತಗ್ಗಿಸಿಕೊಂಡಳು.

“ಐದು ವಾರ ಬಿಟ್ಟು ಇನ್ನೊಂದ್ ಸಲ ನೋಡೋಣ ಅಣ್ಣಾ,” ಎಂದ ಸಾಯಿ. “ಫೋನಲ್ಲಿ ಮೆಟ್ರೋನೋಮ್ ಹಾಕೊಳ್ಳಿ. ಟಿಕ್ ಟಿಕ್ ಅಂತ ತಾಳ ಹೇಳುತ್ತೆ, ಅದರ ಜೊತೆ ಹೋಗಿ.”

ಮುಂದಿನ ಭಾನುವಾರ ಮೆಟ್ರೋನೋಮಿನ ವರದಿ ಬಂತು. “ಆಗ್ಲಿಲ್ಲ ಮೇಡಂ. ಟಿಕ್ ಟಿಕ್ ಕೇಳಿದ ಕೂಡಲೇ ನಲ್ಲಿ ಸೋರ್ತಾ ಉಂಟು ಅಂತ ಅನಿಸ್ತದೆ. ಎರಡು ಸಲ ಎದ್ದು ಹೋಗಿ ನಲ್ಲಿ ತಿರುಗಿಸಿ ಬಂದೆ. ಮೂರನೇ ಸಲ ಗುಣವತಿಯೇ ಎದ್ದಳು.” ಮದ್ರಾಸಿನಲ್ಲಿ ಲಾರಿ ನೀರಿಗೆ ಕೊಡ ಹಿಡಿದು ನಿಂತ ಬೇಸಿಗೆಗಳನ್ನು ಕಂಡವರ ಮನೆಯಲ್ಲಿ ಅದು ನಗುವ ವಿಷಯವಲ್ಲ. ಆದರೂ ನಾವು ನಕ್ಕೆವು.

ಪರೀಕ್ಷೆಯ ದಿನ ನನ್ನ ಫೋನಿನಲ್ಲಿ ಅವರ ಸ್ಕೇಲ್ ಧ್ವನಿಮುದ್ರಣವಾಗಿತ್ತು. ಅದನ್ನು ಮನೆಯಲ್ಲಿ ಕೇಳಿ, ಹದಿನೈದು ಹದಿನೈದು ಸೆಕೆಂಡಿನ ತುಂಡು ಮಾಡಿ, ಸ್ವರಗಳನ್ನು ಎಣಿಸಿದೆ. ಶುರುವಿನಲ್ಲಿ ನಿಮಿಷಕ್ಕೆ ಅರವತ್ತೆಂಟು. ಮೂರು ನಿಮಿಷದಲ್ಲಿ ಇಳಿಯುತ್ತಾ ಅರವತ್ತೆರಡು. ಆಮೇಲೆ ಒಮ್ಮೆಲೇ ಅರವತ್ತೆಂಟು. ಮತ್ತೆ ಮೂರು ನಿಮಿಷದಲ್ಲಿ ಅರವತ್ತೆರಡು. ಕಾಗದದ ಮೇಲೆ ಬರೆದರೆ ಗರಗಸದ ಹಲ್ಲಿನಂತೆ ಕಾಣುತ್ತಿತ್ತು. ತಾಳ ಬಾರದವರ ತಪ್ಪು ಹೀಗಿರುವುದಿಲ್ಲ, ಅದು ಅಡ್ಡಾದಿಡ್ಡಿಯಾಗಿರುತ್ತದೆ. ಎರಡು ಹಲ್ಲುಗಳೂ ಒಂದೇ ಅಳತೆಯಲ್ಲಿ ಬರಬೇಕಾದರೆ ಅವರು ಯಾವುದನ್ನೋ ಕೇಳಿ ಕಲಿತಿರಬೇಕು.

ಮರುವಾರ ರಜೆ ಹಾಕಿದ್ದ ದಿನ ಮಧ್ಯಾಹ್ನ ಮೂರೂಕಾಲಿಗೆ ಅವರ ಹೋಟೆಲಿಗೆ ಕಾಫಿಯ ನೆಪದಲ್ಲಿ ಹೋದೆ. ಕ್ಯಾಶಿನಲ್ಲಿ ಯಜಮಾನರ ಮಗ ಚರಣ್ ಕೂತಿದ್ದ. ವಿಷ್ಣುಮೂರ್ತಿಯವರನ್ನು ಕೇಳಿದ್ದಕ್ಕೆ, “ಹಿಂದೆ ಇದ್ದಾರೆ, ಹೋಗಿ. ಸಂಗೀತ ಕಚೇರಿ ಶುರುವಾಗಿದೆ,” ಎಂದ.

ಹಿಟ್ಟಿನ ಕೋಣೆಯ ಬಾಗಿಲಲ್ಲಿ, ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಅವರು ಗಿಟಾರ್ ಹಿಡಿದು ಕೂತಿದ್ದರು. ನಾಲ್ಕು ಮೊಳ ಆಚೆ ದೊಡ್ಡ ಗ್ರೈಂಡರ್ ಉದ್ದು ರುಬ್ಬುತ್ತಿತ್ತು. ಕಲ್ಲಿನ ತೊಟ್ಟಿ ತಿರುಗುತ್ತದೆ, ಒಳಗಿನ ರುಬ್ಬುಗುಂಡು ನಿಂತಲ್ಲೇ ಹೊರಳುತ್ತದೆ, ಸುತ್ತಿಗೊಮ್ಮೆ ‘ದಡ್’ ಎನ್ನುತ್ತದೆ. ಪ್ರತಿ ‘ದಡ್’ಗೂ ವಿಷ್ಣುಮೂರ್ತಿಯವರ ಒಂದು ಸ್ವರ. ಕಣ್ಣು ಅರ್ಧ ಮುಚ್ಚಿತ್ತು. ತಲೆ ತೊಟ್ಟಿಯ ಜೊತೆ ಸಣ್ಣಗೆ ಸುತ್ತುತ್ತಿತ್ತು.

ನಾನು ಗಡಿಯಾರ ನೋಡಿ ಎಣಿಸಿದೆ. ಅರವತ್ತೆಂಟು. ಉದ್ದು ನೊರೆಗಟ್ಟಿ ಗಟ್ಟಿಯಾಗುತ್ತಾ ಬಂತು, ತೊಟ್ಟಿ ಭಾರವಾಯಿತು, ಬೆಲ್ಟ್ ಕೊಂಚ ಜಾರತೊಡಗಿತು. ಅರವತ್ತೈದು, ಅರವತ್ಮೂರು, ಅರವತ್ತೆರಡು. ಅವರು ಗಿಟಾರನ್ನು ಗೋಡೆಗೆ ಒರಗಿಸಿ, ಕೈ ತೊಳೆದು, ಚೊಂಬಿನಿಂದ ಎರಡು ಸಲ ನೀರು ಚಿಮುಕಿಸಿದರು. ಹಿಟ್ಟು ಸಡಿಲವಾಯಿತು, ತೊಟ್ಟಿ ಹಗುರಾಗಿ ಓಡಿತು. ಅರವತ್ತೆಂಟು. ಅವರು ಬೆರಳೊರೆಸಿಕೊಂಡು ಮತ್ತೆ ಕೂತರು.

ಎರಡು ಸಲ ನೀರು ಹಾಕುವುದರ ನಡುವಿನ ಅಂತರ ಮೂರು ನಿಮಿಷ ಐದು ಸೆಕೆಂಡ್.

ನನ್ನ ಕಾಗದ ತೋರಿಸಿದೆ. ಗರಗಸದ ಮೊದಲ ಹಲ್ಲಿನ ಮೇಲೆ ಬೆರಳಿಟ್ಟು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗೋಡೆ ಹಿಡಿದುಕೊಂಡು ನಕ್ಕರು.

“ಅಯ್ಯೋ ದೇವರೇ! ಅಂದ್ರೆ ಅಲ್ಲಿ ಕ್ಲಾಸಲ್ಲಿ ಕೂತು ನಾನು ಸ್ಕೇಲಿಗೆ ನೀರು ಹಾಕ್ತಾ ಇದ್ದೆನಾ?”

“ಹತ್ತು ಸೆಕೆಂಡೂ ಆಚೆ ಈಚೆ ಇಲ್ಲದೆ,” ಎಂದೆ.

ಚರಣ್ ಏನೋ ಅನಾಹುತವಾಗಿದೆಯೆಂದು ಓಡಿಬಂದ. ಕಾಗದ ನೋಡಿ, “ಹದಿಮೂರು ವರ್ಷ ಆಯ್ತಲ್ಲ ವಿಷ್ಣಣ್ಣ, ನಿಮ್ಮೊಳಗೂ ಒಂದು ಬೆಲ್ಟ್ ಇರಬಹುದು,” ಎಂದ.

ಗ್ರೈಂಡರನ್ನು ಬಿಟ್ಟು ಬೇರೆ ಕಡೆ ಅಭ್ಯಾಸ ಮಾಡಿ ಎಂದು ನಾನು ಸಲಹೆ ಕೊಟ್ಟೆ. ಅವರು ಒಪ್ಪಲಿಲ್ಲ. “ಟಿಕ್ ಟಿಕ್ ಅಂದ್ರೆ ಚುಕ್ಕಿ ಚುಕ್ಕಿ, ಮೇಡಂ. ನಡುವೆ ಎಂತದೂ ಇಲ್ಲ. ಇದು ಹಾಗಲ್ಲ, ಇದು ಸುತ್ತು. ಮುಂದಿನದು ಬರುವುದು ಕಾಣ್ತದೆ. ಈ ಗ್ರೈಂಡರ್ ಗುರು ಒಳ್ಳೆಯವನೇ, ಅವನಿಗೆ ನೀರು ಕುಡಿಸುವ ಕ್ರಮ ಸರಿ ಇಲ್ಲ.”

ಮರುದಿನವೇ ಅವರು ಬೆಲ್ಟ್ ಬಿಗಿಗೊಳಿಸಿದರು. ಇಳಿತ ಆರರಿಂದ ನಾಲ್ಕಕ್ಕೆ ಬಂತು. ಸಾಲಲಿಲ್ಲ. ಆಮೇಲೆ ಒಂದು ಖಾಲಿ ತುಪ್ಪದ ಡಬ್ಬಿಯನ್ನು ಬೆಳಗಿ, ತಳಕ್ಕೆ ಸೂಜಿಯಷ್ಟು ತೂತು ಮಾಡಿ, ತೊಟ್ಟಿಯ ಮೇಲೆ ತೂಗುಹಾಕಿದರು. ಮೂರು ನಿಮಿಷಕ್ಕೊಮ್ಮೆ ಚೊಂಬಿನಲ್ಲಿ ಹಾಕುತ್ತಿದ್ದ ನೀರು ಈಗ ನೂಲಿನಂತೆ ಬಿಡದೆ ಇಳಿಯುತ್ತಿತ್ತು. ಮೊದಲ ದಿನ ತೂತು ದೊಡ್ಡದಾಗಿ ಹಿಟ್ಟು ತೆಳುವಾಯಿತು. ಆ ಹಿಟ್ಟು ಉತ್ತಪ್ಪಕ್ಕೆ ಹೋಯಿತು. ನಾಲ್ಕನೆಯ ಡಬ್ಬಿಗೆ ಸರಿಬಂತು. ನಾನು ಹೋಗಿ ಎಣಿಸಿದೆ. ಇಡೀ ಮೂವತ್ತೈದು ನಿಮಿಷ ಗ್ರೈಂಡರ್ ಅರವತ್ತಾರು, ಅರವತ್ತೇಳರ ನಡುವೆ ಇತ್ತು. ಇಡ್ಲಿ ಮೊದಲಿಗಿಂತ ಮೃದುವಾಯಿತೇ ಎಂದು ಕೇಳಿದೆ. “ಇಲ್ಲ, ಇಡ್ಲಿ ಮೊದಲೇ ಚೆಂದ ಇತ್ತು,” ಎಂದರು.

ಹನ್ನೆರಡು ಮಧ್ಯಾಹ್ನ ಅವರು ಆ ನೂಲಿನಂಥ ನೀರಿನ ಪಕ್ಕ ಕೂತು ಸ್ಕೇಲ್ ಏರಿ ಇಳಿದರು. ಈಗ ನಡುವೆ ಏಳಬೇಕಾಗಿರಲಿಲ್ಲ.

ಎರಡನೆಯ ಪರೀಕ್ಷೆಯ ದಿನ ಮಕ್ಕಳೆಲ್ಲ ಅವರ ಸುತ್ತ ಕೂತರು. ಗ್ರೈಂಡರ್ ಇಲ್ಲದೆ ಅವರು ಏನು ಮಾಡುತ್ತಾರೋ ಎಂದು ನಾನು ಗಡಿಯಾರ ನೋಡುತ್ತಾ ಕೂತೆ. ಅವರು ಕಣ್ಣು ಅರ್ಧ ಮುಚ್ಚಿದರು. ತಲೆ ಸಣ್ಣಗೆ ಸುತ್ತತೊಡಗಿತು. ಮಕ್ಕಳಲ್ಲಿ ಒಬ್ಬಿಬ್ಬರು ಕಿಸಕ್ಕೆಂದರು. ಮೂರನೆಯ ನಿಮಿಷ ಮುಗಿಯುವಾಗ ಅವರ ಬಲಗೈ ಒಂದು ಕ್ಷಣ ತಡವರಿಸಿತು. ಹಳೆಯ ಚೊಂಬಿನ ಹೊತ್ತು ಅದು. ತಡವರಿಸಿದ್ದು ಒಂದೇ ಸ್ವರ. ಮುಂದಿನದು ತನ್ನ ಜಾಗದಲ್ಲೇ ಬಂತು. ಆರು ನಿಮಿಷಕ್ಕೆ ಏರಿಳಿತ ಸುಮಾರು ಇಪ್ಪತ್ತೈದು ಸಲ ಆಯಿತು.

ಸಾಯಿ ಕೃತಿಯ ಹಾಳೆಯಲ್ಲಿ ಒಂದು ಅಂಕಿಯನ್ನು ಹೊಡೆದುಹಾಕಿ ಇನ್ನೊಂದು ಬರೆದ. “ಅಣ್ಣಾ, ಪೀಸಿನ ಸ್ಪೀಡ್ ಎಂಬತ್ತು ಅಂತ ಇಟ್ಟಿದ್ದೆ,” ಎಂದ. “ಈಗ ಅರವತ್ತಾರು. ಈ ಮಕ್ಕಳು ಓಡ್ತಾವೆ. ನೀವು ಓಡಬೇಡಿ, ಅಷ್ಟ್ ಸಾಕು.”

ಇನ್ನುಳಿದದ್ದು ರಜೆ. ಶನಿವಾರ ಸಂಜೆ ಹೋಟೆಲಿನವರಿಗೆ ರಜೆ ಎಂಬುದಿಲ್ಲ.

“ಶನಿವಾರವಾ? ನಿಮ್ಮ ಮದುವೆ ಕೂಡ ಮಂಗಳವಾರ ಅಲ್ವಾ ಆದದ್ದು ವಿಷ್ಣಣ್ಣ?” ಎಂದ ಚರಣ್. ಆಮೇಲೆ, “ಹಿಟ್ಟು ಮುಗಿಸಿ ಹೋಗಿ. ನಾನೂ ಬರ್ತೇನೆ, ಅಪ್ಪನಿಗೆ ಹೇಳ್ಬೇಡಿ,” ಎಂದ.

ಆ ಶನಿವಾರ ಸಭಾಂಗಣದಲ್ಲಿ ನೂರಿಪ್ಪತ್ತು ಜನ ಇದ್ದರು. ಮಕ್ಕಳೆಲ್ಲ ಅರ್ಧಚಂದ್ರಾಕಾರದಲ್ಲಿ ಕೂತರು. ನಾನು ಬಲಗಡೆಯ ಕೊನೆಯಲ್ಲಿ, ವಿಷ್ಣುಮೂರ್ತಿಯವರು ನಡುವೆ, ಅವರ ಎಡಕ್ಕೆ ವೀಕ್ಷಾ. ವಿಷ್ಣುಮೂರ್ತಿಯವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಗುಣವತಿ ಇದ್ದರು, ಅವರ ಹಿಂದೆ ಚರಣ್.

ಎರಡು ನಿಮಿಷ ಎಲ್ಲ ಚೆನ್ನಾಗಿತ್ತು. ಮೂರನೆಯ ನಿಮಿಷದಲ್ಲಿ, ಅಭ್ಯಾಸದಲ್ಲಿ ಪ್ರತಿಸಲ ಆಗುತ್ತಿದ್ದ ಹಾಗೆಯೇ, ಮಕ್ಕಳು ಹುಮ್ಮಸ್ಸಿನಲ್ಲಿ ಓಡತೊಡಗಿದರು. ವೀಕ್ಷಾ ಎಲ್ಲರಿಗಿಂತ ಮುಂದೆ. ರಾಗ ಸ್ಕೇಲಿನಿಂದ ಕಳಚಿಕೊಂಡು ಹೋಗುವುದು ನನಗೂ ಕೇಳಿಸಿತು, ನನ್ನ ಕೈಯೂ ಅವರ ಹಿಂದೆಯೇ ಹೋಗಿತ್ತು. ವೇದಿಕೆಯ ಪಕ್ಕದಲ್ಲಿ ಸಾಯಿ ಕೈ ಮೇಲೆತ್ತಿದ, ಯಾರೂ ನೋಡಲಿಲ್ಲ.

ವಿಷ್ಣುಮೂರ್ತಿಯವರು ಓಡಲಿಲ್ಲ. ಸುತ್ತು ಬಂತು, ಒಂದು ಸ್ವರ. ಸುತ್ತು ಬಂತು, ಇನ್ನೊಂದು.

ವೀಕ್ಷಾ ತಿರುಗಿ ನೋಡಿದಳು. ಅಪ್ಪನ ತಲೆ ಸಣ್ಣಗೆ ಸುತ್ತುತ್ತಿತ್ತು. ಅವಳು ಎರಡು ಸ್ವರ ಬಿಟ್ಟು ಸುಮ್ಮನೆ ಕೇಳಿದಳು. ಆಮೇಲೆ ಅವಳ ತಲೆಯೂ ಅದೇ ದಿಕ್ಕಿನಲ್ಲಿ, ಅಷ್ಟೇ ಸಣ್ಣಗೆ ಸುತ್ತತೊಡಗಿತು. ಅವಳು ಅಪ್ಪನ ಸ್ವರಕ್ಕೆ ಸರಿಯಾಗಿ ಇಳಿದಳು. ಅವಳನ್ನು ನೋಡಿ ಪಕ್ಕದ ಹುಡುಗಿ ಇಳಿದಳು, ಅವಳನ್ನು ನೋಡಿ ಉಳಿದವರು. ಐದನೆಯ ನಿಮಿಷದಲ್ಲಿ ವೇದಿಕೆಯ ಮೇಲೆ ಹದಿಮೂರು ತಲೆಗಳು ಒಂದೇ ಕಡೆಗೆ ತಿರುಗುತ್ತಿದ್ದವು. ಸಭೆಗೆ ಅದು ಕಾರ್ಯಕ್ರಮದ ಭಾಗವೆಂದೇ ತೋರಿತು. ಜೋರು ಚಪ್ಪಾಳೆ ಬಿತ್ತು.

ಆ ದಿನದ ಧ್ವನಿಮುದ್ರಣ ಕೇಳಿ ನಾನು ಸ್ವರಗಳನ್ನು ಎಣಿಸಿದ್ದೇನೆ. ವಿಷ್ಣುಮೂರ್ತಿಯವರು ಮೊದಲಿನಿಂದ ಕೊನೆಯವರೆಗೆ ಅರವತ್ತಾರು. ಉಳಿದವರು ಮೂರನೆಯ ನಿಮಿಷದಲ್ಲಿ ಎಪ್ಪತ್ಮೂರು, ಐದನೆಯದರಲ್ಲಿ ಅರವತ್ತಾರು. ಕಾಗದ ನೋಡಿ ಅವರು ಎಪ್ಪತ್ಮೂರರ ಮೇಲೆ ಬೆರಳಿಟ್ಟರು.

“ಇಲ್ಲಿ ಮಕ್ಕಳಿಗೆ ಸ್ವಲ್ಪ ನೀರು ಜಾಸ್ತಿ ಆಯ್ತು, ಅಷ್ಟೇ.”

ಜೂನ್ ಬಂತು. ವೀಕ್ಷಾಳ ಗಿಟಾರ್ ತರಗತಿ ನಿಂತಿತು, ಗುಣವತಿಯವರ ಮಾತು ಬದಲಾಗುವುದಿಲ್ಲ. ಆದರೆ ಅವಳ ಶಾಲೆ ಬಿಡುವುದು ಮೂರೂವರೆಗೆ, ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲೇ ಹೋಟೆಲ್. ಉದ್ದು ಮುಗಿದು ಅಕ್ಕಿ ಬೀಳುವುದು ನಾಲ್ಕಕ್ಕೆ. ಅಕ್ಕಿಗೆ ಗ್ರೈಂಡರಿನ ವೇಗ ಬೇರೆ, ಐವತ್ತೊಂಬತ್ತು. ವಿಷ್ಣುಮೂರ್ತಿಯವರು ತಮ್ಮ ಎರಡನೆಯ ಸ್ಕೇಲನ್ನು ಅದಕ್ಕೆ ಶುರುಮಾಡಿದ್ದಾರೆ, ಹೇಳಿಕೊಡುತ್ತಿರುವವಳು ವೀಕ್ಷಾ. ಹಿಟ್ಟಿನ ಕೋಣೆಯ ಬಾಗಿಲಲ್ಲಿ ಈಗ ಬೋರಲು ಹಾಕಿದ ಎಣ್ಣೆ ಡಬ್ಬಿಗಳು ಎರಡಿವೆ.